ಬುರಾನ ಮಾಸ್ತರನ ಕಿವಿ

ಬುರಾನಸಾಬ ನದಾಫನಿಗೆ ಕಿವಿ ಕೇಳುವುದಿಲ್ಲ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಸ್ವತಃ ಬುರಾನಸಾಬ, ಇನ್ನೊಬ್ಬಳು ಅವನ ಹೆಂಡತಿ ಹಸೀನಾಬಿ. ಬೆಳಗಾವಿಯ ಕಿವಿ ಡಾಕ್ಟರನನ್ನೂ ಹಿಡಿದರೆ ಮೂವರು. ಆದರೆ ಆ ಡಾಕ್ಟರನಿಗೆ ನಾಟಕದ ಹುಚ್ಚಿಲ್ಲ, ಅವನು ಯಾರ ಮುಂದೆ ಹೇಳಿಯಾನು? ಎಂಬತ್ಮೂರು ದಾಟಿದ ಮುದುಕನ ಕಿವಿ ಮಂದವಾದರೆ ಅದೇನು ಮುಚ್ಚಿಡುವ ಗುಟ್ಟೇ ಅಂತ ನೀವು ಕೇಳಬಹುದು. ಬೇರೆ ಮುದುಕನಾಗಿದ್ದರೆ ಅಲ್ಲ. ಇವನು ನಾಟಕದ ಮಾಸ್ತರ. ಪರದೆಯ ಮಗ್ಗುಲಿಗೆ, ಮಂದಿಗೆ ಕಾಣದ ಹಾಗೆ ವಿಂಗಿನಲ್ಲಿ ನಿಂತು, ಯಾರ ಮಾತು ಎಲ್ಲಿಗೆ ಬಂತೆಂದು ಕೇಳಿಸಿಕೊಳ್ಳುತ್ತ, ಮರೆತವನಿಗೆ ಮುಂದಿನ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಡುವುದು ಅವನ ಕೆಲಸ. ಕಿವುಡ ಮಾಸ್ತರನನ್ನು ಯಾವ ಊರಿನವರು ಕರೆದಾರು?

ಹಸೀನಾಬಿಗೆ ಗೊತ್ತಾದದ್ದು ಕುಕ್ಕರಿನಿಂದ. ಎಂಟು ವರ್ಷದ ಹಿಂದೆ ಸುರೇಬಾನದ ತಮ್ಮ ಮನೆಯಲ್ಲಿ ಬೇಳೆಗಿಟ್ಟು, "ಮೂರು ಸೀಟಿ ಆದ್ರ ಆರಸ್ರಿ" ಎಂದು ಹೇಳಿ ಮಗ್ಗುಲ ಮನೆಗೆ ಹೋಗಿದ್ದಳು. ಮರಳಿ ಬಂದಾಗ ಅಡಿಗೆಮನೆಯ ತುಂಬ ಹೊಗೆ. ಹೊರಗಿನ ಕೋಣೆಯಲ್ಲಿ ಗಂಡ ಪೇಪರು ಓದುತ್ತ ಇನ್ನೂ ಸೀಟಿಗಾಗಿ ಕಾಯುತ್ತಿದ್ದ. "ಕಿವಿ ಎಲ್ಲಿ ಮಾರಿ ಬಂದೀರಿ?" ಎಂದು ಬೈಯಲು ಶುರು ಮಾಡಿದಳು. ಅವನು ತನ್ನ ತುಟಿಯನ್ನೇ ದಿಟ್ಟಿಸುತ್ತಿರುವುದು ಕಂಡು ಉಳಿದ ಬೈಗುಳ ಬಾಯಲ್ಲೇ ಉಳಿಯಿತು.

ಬೆಳಗಾವಿಗೆ ಕರೆದುಕೊಂಡು ಹೋದವಳು ಅವಳೇ, ಯಂತ್ರ ಕೊಡಿಸಿದವಳೂ ಅವಳೇ. ಯಂತ್ರ ಹಾಕಿಕೊಂಡರೆ ಪೇಟಿ, ತಬಲಾ, ಮಂದಿಯ ಗದ್ದಲ ಎಲ್ಲವೂ ಕೂಡಿ ಒಂದೇ ಗುಂಯ್ ಆಗಿ ತಲೆ ತುಂಬುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಮೇಲಾಗಿ ಅದನ್ನು ಸಿಗಿಸಿಕೊಂಡು ವಿಂಗಿನಲ್ಲಿ ನಿಲ್ಲುವುದೆಂದರೆ ಹಣೆಗೆ ಬೋರ್ಡು ಬರೆಸಿಕೊಂಡ ಹಾಗೆ. ಬಣ್ಣದ ಡಬ್ಬಿಯಲ್ಲಿ ಹಾಕಿ ಮುಚ್ಚಿಬಿಟ್ಟ.

"ಮಂದಿಗೆ ಹೇಳಿಬಿಡ್ರಿ," ಎಂದು ಹಸೀನಾಬಿ ವಾರಕ್ಕೊಮ್ಮೆಯಾದರೂ ಅವನ ಎದುರು ಬಂದು ನಿಂತು ಹೇಳುತ್ತಿದ್ದಳು. "ಕಳವ ಮಾಡೀರೇನು, ಮುಚ್ಚಿಡಾಕ?"

"ಹೇಳಿದ ಮರುದಿನಾನ ಮನ್ಯಾಗ ಕುಂದರಬೇಕಾಗತೈತಿ."

"ಕುಂತ್ರ ಏನಾತು? ನಾ ಅರವತ್ತು ವರ್ಷ ಕುಂತೇನಿ. ಸತ್ತೇನೇನು?"

ಆಗ ಬುರಾನಸಾಬ ಮುಖ ಆಚೆ ತಿರುಗಿಸುತ್ತಿದ್ದ. ಕಿವುಡನಿಗೆ ಇರುವ ಒಂದೇ ಸುಖ ಅದು, ಮುಖ ತಿರುಗಿಸಿದರೆ ಜಗಳ ಅಲ್ಲಿಗೇ ಮುಗಿಯುತ್ತದೆ. ಹಸೀನಾಬಿ ಈ ಕಡೆಯಿಂದ ಸುತ್ತಿ ಬಂದು ಮತ್ತೆ ಎದುರು ನಿಲ್ಲುತ್ತಿದ್ದಳು, ಬಿಡುವ ಹೆಂಗಸಲ್ಲ.

ಹಾಗಾದರೆ ಎಂಟು ವರ್ಷ ಹೇಗೆ ನಡೆಸಿದ ಅಂದಿರಾ? ಮಹಾ ಕಿಲಾಡಿ. ಆಡಿಸುವ ನಾಟಕಗಳೆಲ್ಲ ಅವನಿಗೆ ಬಾಯಿಪಾಠ. ಯಾರು ಯಾವ ಮಾತು ಆಡಬೇಕೆಂಬುದು ಗೊತ್ತು. ಗೊತ್ತಾಗಬೇಕಾದದ್ದು ಅವರು ಆಡಿ ಮುಗಿಸಿದರೋ ಇಲ್ಲವೋ ಎಂಬುದಷ್ಟೇ. ಅದಕ್ಕೆ ತಾಲೀಮಿನಲ್ಲಿಯೇ ಪ್ರತಿಯೊಬ್ಬರಿಗೂ ಮಾತಿನ ಕೊನೆಗೆ ಒಂದು ಚೇಷ್ಟೆ ಕಲಿಸುತ್ತಿದ್ದ. ನಾಯಕ ಮಾತು ಮುಗಿದೊಡನೆ ಎಡಗಾಲು ಮುಂದಿಡಬೇಕು. ನಾಯಕಿ ಸೆರಗು ಸಿಗಿಸಬೇಕು. ಅಪ್ಪನ ಪಾರ್ಟಿನವನು ಹೆಗಲ ಮೇಲಿನ ವಲ್ಲಿಯನ್ನು ಝಾಡಿಸಿ ಮತ್ತೆ ಹೆಗಲಿಗೆ ಹಾಕಬೇಕು. "ಮಾತು ಬಾಯಾಗ ಮುಗೀಬಾರದು, ಮೈಯಾಗ ಮುಗೀಬೇಕು" ಎಂದು ಗಂಭೀರವಾಗಿ ಹೇಳುತ್ತಿದ್ದ. ಮಂದಿ ಅದನ್ನು ಕಲೆ ಅಂದುಕೊಂಡರು. 'ಬುರಾನ ಮಾಸ್ತರನ ಪದ್ಧತಿ' ಅಂತ ಬೈಲಹೊಂಗಲದ ಕಡೆ ಬೇರೆ ಮಾಸ್ತರರೂ ಅದನ್ನೇ ಕಲಿಸಲು ಹತ್ತಿದರು. ಕಿವಿ ಚೆನ್ನಾಗಿದ್ದವರು ಕಿವುಡನ ಊರುಗೋಲು ಹಿಡಿದು ನಡೆದರು ನೋಡಿ.

ಈ ವರ್ಷ ಮನೋಳಿಯ ಹವ್ಯಾಸಿ ತಂಡದವರು ಕರೆದಿದ್ದರು. ಆ ತಂಡದ ಹಿರಿಯ ನಿಜಗುಣಪ್ಪ, ಹೊಲಮನೆ ಗಟ್ಟಿಯಾಗಿರುವ ಅರವತ್ತರ ಮನುಷ್ಯ, ನಾಟಕವೆಂದರೆ ಊಟ ಬಿಡುವವನು. ಅಪ್ಪನ ಪಾರ್ಟು ಅವನದೇ. ನಾಟಕ 'ಎರಡು ಬಾಗಿಲ ಮನಿ', ಬುರಾನಸಾಬ ತಾನೇ ಬರೆದು ಐವತ್ತು ವರ್ಷದ ಹಿಂದೆ ತನ್ನ ಸ್ವಂತ ಕಂಪನಿಯಲ್ಲಿ ಆಡಿಸಿದ್ದು. ಹತ್ತನೆಯ ತಾಲೀಮಿನಲ್ಲಿ ಒಂದು ಎಡವಟ್ಟಾಯಿತು. ಹಿರಿಮಗನ ಪಾರ್ಟಿನ ನಿಂಗರಾಜ ಮಾತು ಮರೆತು ನಿಂತಾಗ, ಬುರಾನಸಾಬ ಅವನ ಮಾತನ್ನು ಬಿಟ್ಟು ನಾಯಕಿಯ ಮಾತನ್ನು ಎತ್ತಿಕೊಟ್ಟ. ರಾಮದುರ್ಗದಿಂದ ಬಂದಿದ್ದ ನಾಯಕಿ ಮಂಜುಳಾ, ಇಪ್ಪತ್ತು ವರ್ಷ ಬಣ್ಣ ಹಚ್ಚಿದವಳು, ಸಾವರಿಸಿಕೊಂಡು ಮುಂದೆ ನಡೆಸಿದಳು. ನಿಜಗುಣಪ್ಪ ಮಾತ್ರ ತಾಲೀಮು ನಿಲ್ಲಿಸಿ ಎದುರಿಗೆ ಬಂದ.

"ಮಾಸ್ತರ, ಕಿವಿ ಏನರ ಮಂದ ಆಗ್ಯಾವೇನ್ರಿ?"

"ನನ್ನ ಕಿವಿ ನೆಟ್ಟಗದಾವು. ನಿಮ್ಮ ನಾಲಿಗಿ ನೆಟ್ಟಗ ಮಾಡ್ಕೋರಿ. ಹರಕು ಮುರಕು ಮಾತಾಡಿದ್ರ ಯಾರಿಗೆ ತಿಳೀಬೇಕು?"

ನಿಜಗುಣಪ್ಪ ನಗಲಿಲ್ಲ. "ಬೈಲಹೊಂಗಲದ ನಾಟಕೋತ್ಸವಕ್ಕ ಐದು ತಂಡ ಬರತಾವ. ಕಿತ್ತೂರ ಮಂದಿನೂ ನೋಡಾಕ ಬರತಾರ, ಮುಂದಿನ ವರ್ಷ ನಿಮ್ಮನ್ನ ಕರೀಬೇಕೋ ಬ್ಯಾಡೋ ಅಂತ. ನಾ ಸೀದಾ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ಅಲ್ಲಿ ಹಿಂಗ ಒಂದ ಸಲ ತಪ್ಪಿದ್ರೂ ನಮಗೂ ಬ್ಯಾರೆ ಮಾಸ್ತರನ್ನ ನೋಡ್ಕೊಳ್ಳೂದ ಬಿಟ್ರ ಹಾದಿ ಇಲ್ಲ."

ಅದನ್ನು ಪೂರಾ ಓದಿಕೊಂಡ ಬುರಾನಸಾಬ. ದುರ್ದೈವಕ್ಕೆ ನಿಜಗುಣಪ್ಪನಿಗೆ ಮೀಸೆಯಿಲ್ಲ, ತುಟಿ ಅಚ್ಚೊತ್ತಿದಂತೆ ಕಾಣುತ್ತವೆ.

ಒಂದು ಕೆಲಸ ಹೋದರೆ ಹೋಯಿತು ಅನ್ನಬಹುದಿತ್ತು. ಆದರೆ ಕಿವುಡನಾದ ಮಾಸ್ತರನಿಗೆ ಏನಾಗುತ್ತದೆ ಎಂಬುದನ್ನು ಅವನಷ್ಟು ಚೆನ್ನಾಗಿ ಬಲ್ಲವರಿಲ್ಲ. ಯಾಕೆಂದರೆ ಅದನ್ನು ಇನ್ನೊಬ್ಬರಿಗೆ ಮಾಡಿದವನೇ ಅವನು.

ಅವನ ಅಪ್ಪ ಗಾದಿ ಹೊಲಿಯುವವನು, ಅರಳೆ ಹಿಂಜುವವನು. ೧೯೫೨ರಲ್ಲಿ ರಾಮದುರ್ಗಕ್ಕೆ ಒಂದು ನಾಟಕ ಕಂಪನಿ ಬಂದು ಕ್ಯಾಂಪು ಹಾಕಿತ್ತು. ಅಪ್ಪ ಕಂಪನಿಯ ಗಾದಿಗಳನ್ನು ಹಿಂಜಲು ಹೋದಾಗ ಹನ್ನೊಂದು ವರ್ಷದ ಬುರಾನನೂ ಜೊತೆಗಿದ್ದ. ಹಿಂಜುವ ಬಿಲ್ಲಿನ ಠೇಂಕಾರಕ್ಕೆ ಸರಿಯಾಗಿ ಹಾಡಿಕೊಳ್ಳುತ್ತ ಕುಳಿತಿದ್ದ ಅವನ ದನಿ ಕಂಪನಿಯ ಅರ್ಜುನ ಮಾಸ್ತರರ ಕಿವಿಗೆ ಬಿತ್ತು. ಕಟಕೋಳದ ಅರ್ಜುನ ಮಾಸ್ತರರು ಅಪ್ಪನನ್ನು ಒಪ್ಪಿಸಿ, ಹುಡುಗನಿಗೆ ಸೀರೆ ಉಡಿಸಿ, ಆ ವಾರವೇ ರಂಗದ ಮೇಲೆ ನಿಲ್ಲಿಸಿದರು. ಆಗ ಹೆಣ್ಣಿನ ಪಾರ್ಟು ಗಂಡುಹುಡುಗರೇ ಮಾಡುತ್ತಿದ್ದ ಕಂಪನಿಗಳು ಇನ್ನೂ ಇದ್ದವು.

ಎಂಟು ವರ್ಷ ಬುರಾನ ನಾಯಕಿಯಾದ. ಬೈಲಹೊಂಗಲದಲ್ಲಿ ಅವನು ನಿರಿಗೆ ಹಿಡಿಯುವ ರೀತಿ ನೋಡಿ ಮನೆಯಲ್ಲಿ ಹಾಗೇ ಉಡಲು ಹೋದ ಹೆಂಗಸರಿದ್ದರು. ಕಿತ್ತೂರ ಕ್ಯಾಂಪಿನಲ್ಲಿ ಹತ್ತೊಂಬತ್ತನೇ ವಯಸ್ಸಿಗೆ, ಹಾಡಿನ ನಡುವೆ ದನಿ ಒಡೆದು ಗೊಗ್ಗರಾಯಿತು. ಟಿನ್ ಶೀಟಿನ ಥಿಯೇಟರಿನ ತುಂಬ ನಗೆ. ಅವನು ಒಳಗೆ ಬಂದು ಸೀರೆ ಬಿಚ್ಚಿ ಒಗೆದು ಅತ್ತ. ಅರ್ಜುನ ಮಾಸ್ತರರು ಆ ಸೀರೆ ಮಡಿಸುತ್ತ, "ದನಿ ಹೋತು ಹೋಗಲಿ. ಕಿವಿ ಅದಾವಲ್ಲ. ನಟ ಅಂದ್ರ ಕಿವಿನಪಾ" ಎಂದರು. ಅವರು ಹಾಗೆ ಹೇಳುವುದಕ್ಕೆ ಕಾರಣವಿತ್ತು. ಆಗ ಪೂರಾ ನಾಟಕದ ವಹಿ ಮಾಲಕರ ಟ್ರಂಕಿನಲ್ಲಿರುತ್ತಿತ್ತು, ಬೇರೆ ಕಂಪನಿಯವರು ಕದ್ದಾರೆಂಬ ಭಯಕ್ಕೆ. ನಟನಿಗೆ ಕೊಡುತ್ತಿದ್ದುದು ಅವನ ಮಾತುಗಳನ್ನಷ್ಟೇ ಬರೆದ ಹಾಳೆ. ಎದುರಿನವನ ಮಾತಿನಲ್ಲಿ ಕಟ್ಟಕಡೆಯ ಶಬ್ದ ಒಂದೇ ಅದರಲ್ಲಿರುತ್ತಿತ್ತು. ಆ ಶಬ್ದ ಕಿವಿಗೆ ಬಿದ್ದರೆ ಬಾಯಿ ತೆರೆಯಬೇಕು, ಬೀಳದಿದ್ದರೆ ಕೆಟ್ಟ.

ದನಿ ಒಡೆದವನು ನಾಯಕನಾದ, ಖಳನಾಯಕನಾದ. ಇಪ್ಪತ್ತೇಳಕ್ಕೆ ಕಂಪನಿಯ ನಾಟಕ ಕೂಡಿಸುವ ಮಾಸ್ತರನಾದ. ಮೂವತ್ತೊಂದಕ್ಕೆ ಸ್ವಂತ ಕಂಪನಿ ಕಟ್ಟಿದ, 'ಮಲಪ್ರಭಾ ನಾಟ್ಯ ಸಂಘ'. ನಲವತ್ತು ಮಂದಿ, ಎರಡು ಲಾರಿ ಸಾಮಾನು. ಅಪ್ಪ ಹಿಂಜಿದ ಗಾದಿಗಳ ಮೇಲೆ ಮಲಗುತ್ತಿದ್ದ ಹುಡುಗ ಮಾಲಕನಾಗಿದ್ದ. ಮುಪ್ಪಾಗಿದ್ದ ಅರ್ಜುನ ಮಾಸ್ತರರನ್ನು ಕರೆತಂದು ವಿಂಗಿನಲ್ಲಿ ಮಾತು ಎತ್ತಿಕೊಡುವ ಕೆಲಸ ಕೊಟ್ಟ. ಮಂದಿ ಅವನ ಗುರುಭಕ್ತಿ ಹೊಗಳಿದರು, ಅವನಿಗೂ ಅದು ಹಿತವಾಗಿತ್ತು.

ಎರಡು ವರ್ಷದ ಮೇಲೆ ಸವದತ್ತಿ ಕ್ಯಾಂಪಿನಲ್ಲಿ ಅರ್ಜುನ ಮಾಸ್ತರರು ಒಂದೇ ಆಟದಲ್ಲಿ ಎರಡು ಸಲ ತಪ್ಪು ಮಾತು ಎತ್ತಿಕೊಟ್ಟರು. ಮಂದಿ ನಕ್ಕರು. ಮರುದಿನ ಮುಂಜಾನೆ ಮಾಲಕ ಬುರಾನಸಾಬ ಎಲ್ಲರೂ ಚಹಾ ಕುಡಿಯುತ್ತಿದ್ದ ಹೊತ್ತಿನಲ್ಲಿ, ಎಲ್ಲರ ಮುಂದೆ, "ಕಿವಿ ಇಲ್ಲದವರಿಗೆ ನಾಟಕದಾಗ ಏನ ಕೆಲಸರಿ? ಊರಿಗೆ ಹೋಗ್ರಿ" ಎಂದ. ಅರ್ಜುನ ಮಾಸ್ತರರಿಗೆ ಅದೂ ಕೇಳಲಿಲ್ಲ. ಮುಖ ಮುಂದೆ ಮಾಡಿ, "ಏನಂದಿ ಬುರಾನ?" ಎಂದು ಕೇಳಿದರು. ಇವನು ಅದೇ ಮಾತನ್ನು ಎರಡನೇ ಸಲ ಒದರಿ ಹೇಳಬೇಕಾಯಿತು. ಅಡಿಗೆಯವರಿಗೂ ಕೇಳಿಸಿತು. ಮಾಸ್ತರರು ಟ್ರಂಕು ಹೊತ್ತು ಕಟಕೋಳದ ಬಸ್ಸು ಹತ್ತಿದರು. ಆಮೇಲೆ ಬಹಳ ದಿನ ಬದುಕಲಿಲ್ಲ. ಮಣ್ಣಿಗೂ ಇವನು ಹೋಗಲಿಲ್ಲ, ಆಟ ಇತ್ತೆಂಬುದು ನೆಪ. ಹೋಗುವ ಮುಖ ಇರಲಿಲ್ಲ.

ಮನೆಮನೆಗೆ ಟೀವಿ ಬಂದ ಮೇಲೆ ಕಂಪನಿ ಮುಳುಗಿತು. ಅಂದಿನಿಂದ ಬುರಾನಸಾಬ ಊರೂರ ಹವ್ಯಾಸಿಗಳಿಗೆ ನಾಟಕ ಕಲಿಸುತ್ತ ಬಂದಿದ್ದಾನೆ. ಮೂವತ್ತೆಂಟು ವರ್ಷವಾಯಿತು. ಬಸ್ಸಿಳಿದೊಡನೆ ನಾಲ್ಕು ಮಂದಿ "ಬರ್ರಿ ಮಾಸ್ತರ" ಅನ್ನುತ್ತಾರಲ್ಲ, ಆ ಒಂದು ಮಾತಿನ ಮೇಲೆ ಮುದುಕ ನಿಂತಿದ್ದಾನೆ. ಅದು ಹೋದರೆ ತಾನೂ ಹೋದೆ ಎಂದು ಅವನಿಗೆ ಖಾತ್ರಿಯಿತ್ತು.

ಬೈಲಹೊಂಗಲದ ಆಟ ಭಾನುವಾರ ಮಧ್ಯಾಹ್ನ ಮೂರಕ್ಕೆ, ಒಂದು ಕಲ್ಯಾಣ ಮಂಟಪದಲ್ಲಿ. ಹಸೀನಾಬಿಯೂ ಹಟ ಹಿಡಿದು ಜೊತೆಗೆ ಬಂದು ಮೂರನೆಯ ಸಾಲಿನಲ್ಲಿ ಕುಳಿತಳು. ಬುರಾನಸಾಬ ಮೊದಲು ರಂಗ ನೋಡಿದ. ಮದುವೆಯ ವೇದಿಕೆ ಅದು, ಬಲಕ್ಕೆ ಗೋಡೆ, ವಿಂಗು ಇರುವುದು ಎಡಕ್ಕೆ ಮಾತ್ರ. ಅಪ್ಪನ ಪಾರ್ಟು ಮಕ್ಕಳ ಕಡೆ ಮುಖ ಮಾಡಿ ನಿಂತರೆ ಇವನಿಗೆ ಕಾಣುವುದು ಅವನ ಬೆನ್ನು. ಇರಲಿ, ವಲ್ಲಿಯಾದರೂ ಕಾಣುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡು ಬಣ್ಣದ ಕೋಣೆಗೆ ಹೋದ. ಅಲ್ಲಿ ನಿಜಗುಣಪ್ಪ ಬಾಡಿಗೆಗೆ ತಂದ ಕರಿ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದ.

"ವಲ್ಲಿ ಎಲ್ಲಿ?"

"ಕೋಟಿನ ಮ್ಯಾಲ ವಲ್ಲಿ ಚಲೋ ಕಾಣೂದಿಲ್ರಿ. ಫೋಟೋದವರೂ ಹಂಗ ಅಂದ್ರು."

"ಆ ಪಾರ್ಟಿಗೆ ವಲ್ಲಿ ಬೇಕು. ಐವತ್ತು ವರ್ಷದಿಂದ ಐತಿ."

"ಐವತ್ತು ವರ್ಷ ಆತಂತ ಈಗರ ಬಿಡೂಣಲ್ಲ. ಒಂದು ವಲ್ಲಿಗೆ ಯಾಕಿಷ್ಟು ಹಟಾ ಹಿಡೀತೀರಿ ಮಾಸ್ತರ?"

ಯಾಕೆಂದು ಹೇಳುವುದು? ಹೇಳಿದರೆ ಅಲ್ಲಿಗೇ ಮುಗಿಯಿತು. ನಿಜಗುಣಪ್ಪನ ಕಣ್ಣು ತನ್ನ ಮುಖದ ಮೇಲೆಯೇ ಇರುವುದನ್ನು ಕಂಡು ಬುರಾನಸಾಬ, "ಆಗಲಿ, ನಿಮ್ಮ ಇಷ್ಟ" ಎಂದು ಹೊರಗೆ ಬಂದ.

ಮೊದಲ ಎರಡು ಅಂಕ ಹೇಗೋ ದಾಟಿದವು. ನಿಂಗರಾಜನ ಎಡಗಾಲು, ಮಂಜುಳಾಳ ಸೆರಗು, ಅವುಗಳ ಮೇಲೆಯೇ ಕಣ್ಣಿಟ್ಟು ಒಂದೊಂದು ಮಾತನ್ನೂ ಮನಸ್ಸಿನಲ್ಲಿ ಓಡಿಸುತ್ತ ನಿಂತ. ನಿಂಗರಾಜ ಒಮ್ಮೆ ತಡವರಿಸಿದಾಗ ಸರಿಯಾದ ಮಾತನ್ನೇ ಎತ್ತಿಕೊಟ್ಟ, ಅವನ ಕಾಲು ಮುಂದೆ ಬಂತು. ಮುಂದಿನ ಸಾಲಿನಲ್ಲಿ ಕಿತ್ತೂರಿನ ಮುಸ್ತಕೀಮ ಕುಳಿತಿದ್ದ, ಅಲ್ಲಿನ ತಂಡದ ಹಿರಿಯ, ಬಟ್ಟೆ ಅಂಗಡಿಯವನು. ಅವನು ತಲೆದೂಗುತ್ತಿದ್ದುದೂ ಕಂಡಿತು. ಉಳಿದದ್ದು ಮೂರನೆಯ ಅಂಕ, ನಿಜಗುಣಪ್ಪನ ಅಂಕ.

ಆ ಅಂಕದಲ್ಲಿ ಮಕ್ಕಳಿಬ್ಬರೂ ಮನೆ ಒಡೆದು, ಗೋಡೆಗೆ ಇನ್ನೊಂದು ಬಾಗಿಲು ಕೊರೆಸಿರುತ್ತಾರೆ. ಅಪ್ಪ ನಡುವೆ ನಿಂತು ಕೇಳುತ್ತಾನೆ: "ಬಾಗಲಾ ಎರಡು ಮಾಡಿದ್ರಿ. ನಾ ಸತ್ರ ನನ್ನ ಹೆಣಾ ಯಾವ ಬಾಗಲದಿಂದ ಒಯ್ಯತೀರಿ?" ಇಡೀ ನಾಟಕ ಈ ಒಂದು ಮಾತಿಗಾಗಿ ಬರೆದದ್ದು. ಇದನ್ನು ಆಡಿ, ವಲ್ಲಿ ಝಾಡಿಸಿ ಹೆಗಲಿಗೆ ಹಾಕಿದ ಮೇಲೆ ಮನಸ್ಸಿನಲ್ಲಿ ಐದು ಎಣಿಸಬೇಕು, ಒಂದು ಬೆರಳೂ ಅಲುಗಬಾರದು, ಮಂದಿ ಉಸಿರು ಹಿಡಿಯಬೇಕು ಎಂದು ಬುರಾನಸಾಬ ಕಲಿಸಿದ್ದ. ನಿಜಗುಣಪ್ಪ ಒಂದು ತಾಲೀಮಿನಲ್ಲಿಯೂ ಎರಡರ ಆಚೆ ಎಣಿಸಿರಲಿಲ್ಲ. ಅವಸರದ ಮನುಷ್ಯ, ಎರಡಕ್ಕೇ ಹೆಂಡತಿಯ ಪಾರ್ಟಿನ ಮಂಜುಳಾಳ ಕಡೆ ತಿರುಗಿಬಿಡುತ್ತಿದ್ದ. ಬೈದು ಬೈದು ಸಾಕಾಗಿ ಮಾಸ್ತರ ಕೈಬಿಟ್ಟಿದ್ದ.

ಈಗ ಅವನಿಗೆ ಕಾಣುತ್ತಿದ್ದುದು ಕರಿ ಕೋಟಿನ ಬೆನ್ನು. ಬೆನ್ನಿಗೆ ತುಟಿಯಿಲ್ಲ. ಲೆಕ್ಕದ ಪ್ರಕಾರ ನಿಜಗುಣಪ್ಪ ಬಾಗಿಲಿನ ಮಾತಿಗೆ ಬಂದಿರಬೇಕು. ಬೆನ್ನು ಅಲುಗಲಿಲ್ಲ. ಒಂದು, ಎರಡು. ತಿರುಗಬೇಕಾಗಿತ್ತು, ತಿರುಗಲಿಲ್ಲ. ಮರೆತನೇ? ಮಂಜುಳಾಳ ಕಣ್ಣು ವಿಂಗಿನ ಕಡೆ ಹೊರಳಿತು. ಅವಳು ಅಳು ತಡೆಯುವ ಪಾರ್ಟು ಮಾಡುತ್ತಿದ್ದಳು. ಬುರಾನಸಾಬನಿಗೆ ಅವಳು ತನ್ನನ್ನು ಕೇಳಿದಂತೆ ಕಂಡಿತು. ಮೂರು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಆಟ ಕೆಡುತ್ತದೆ, ಮಾತು ಎತ್ತಿಕೊಡದ ಮಾಸ್ತರ ಅನ್ನುತ್ತಾರೆ. ಮುಂದೆ ಬಾಗಿ, ಪಿಸುದನಿ ಎಂದು ತಾನು ನಂಬಿದ ದನಿಯಲ್ಲಿ ಹೇಳಿದ:

"ನಾ ಸತ್ರ ನನ್ನ ಹೆಣಾ ಯಾವ ಬಾಗಲದಿಂದ ಒಯ್ಯತೀರಿ?"

ಕಿವುಡನ ಪಿಸುದನಿ ಎಷ್ಟು ದೊಡ್ಡದೆಂದು ಕಿವುಡನಿಗೆ ಹೇಗೆ ತಿಳಿಯಬೇಕು? ವಿಂಗಿನ ಬಾಯಿಗೇ ತೂಗುಬಿಟ್ಟಿದ್ದ ಮೈಕು ಅದನ್ನು ಹೊರಗಿನ ಚಹಾದ ಅಂಗಡಿಯ ತನಕ ಮುಟ್ಟಿಸಿತು. ನಿಜಗುಣಪ್ಪ ಆ ಮಾತನ್ನು ಆಗಲೇ ಆಡಿ ಮುಗಿಸಿದ್ದ. ಜನ್ಮದಲ್ಲಿ ಮೊದಲ ಸಲ, ಮಾಸ್ತರ ಹೇಳಿದಂತೆ, ಐದು ಎಣಿಸುತ್ತ ನಿಂತಿದ್ದ. ಏಳುನೂರು ಮಂದಿ ಉಸಿರು ಹಿಡಿದಿದ್ದರು.

ಬುರಾನಸಾಬನಿಗೆ ಕಂಡದ್ದು ಮುಂದಿನ ಸಾಲಿನ ಹಲ್ಲುಗಳು. ಆಮೇಲೆ ಹಿಂದಿನ ಸಾಲು. ಹೆಗಲುಗಳು ಕುಣಿಯುತ್ತಿದ್ದವು. ಮುಸ್ತಕೀಮ ಮಗ್ಗುಲವನ ತೊಡೆ ಬಡಿದು ನಗುತ್ತಿದ್ದ. ಹಸೀನಾಬಿ ಒಬ್ಬಳೇ ನಗದೆ ಕುಳಿತಿದ್ದಳು, ಅವಳ ಮುಖ ನೋಡಿಯೇ ಏನಾಯಿತೆಂದು ತಿಳಿಯಿತು. ನಾಟಕದ ಜೀವದ ಮಾತನ್ನು ಅದನ್ನು ಬರೆದವನೇ ಕೊಂದುಬಿಟ್ಟಿದ್ದ.

ನಿಜಗುಣಪ್ಪ ತ್ರಾಸಿನಿಂದ ಈಚೆ ತಿರುಗಿದ. ಮೊದಲು ಸಿಟ್ಟು, ಆಮೇಲೆ ಆ ಮುಖ ಖಾಲಿಯಾಯಿತು. ಮುಂದಿನ ಮಾತು ಖರೇನೇ ಮರೆತುಹೋಗಿತ್ತು. ನಿಂಗರಾಜ ತಲೆ ತಗ್ಗಿಸಿ ತುಟಿ ಕಚ್ಚಿಕೊಂಡಿದ್ದ, ಮಂಜುಳಾಳಿಗೂ ಮಾತಿರಲಿಲ್ಲ. ಬುರಾನಸಾಬನ ಬೆನ್ನ ಹಿಂದೆ ಹೊರಗೆ ಹೋಗುವ ಬಾಗಿಲಿತ್ತು. ಬಸ್ ಸ್ಟ್ಯಾಂಡ್ ಐದು ನಿಮಿಷದ ದಾರಿ. ಒಂದು ಹೆಜ್ಜೆ ಆ ಕಡೆ ಇಟ್ಟೂಬಿಟ್ಟ. ತಿರುಗಿ ನೋಡಿದಾಗ ನಿಜಗುಣಪ್ಪನ ಕೈ ಕಂಡಿತು. ಅಷ್ಟು ದೊಡ್ಡ ಮನುಷ್ಯ ಕೋಟಿನ ಗುಂಡಿ ಹಿಡಿದುಕೊಂಡು ಗಡಗಡ ನಡುಗುತ್ತಿದ್ದ. ಕಿತ್ತೂರಿನಲ್ಲಿ ದನಿ ಒಡೆದ ದಿನ ತನ್ನ ಕೈಯೂ ಹೀಗೇ ನಡುಗಿತ್ತು. ರಂಗದ ಮೇಲೆ ಒಬ್ಬನನ್ನು ಹೀಗೆ ನಿಲ್ಲಿಸಿ ಓಡಿಹೋಗುವವನು ಯಾವ ಸೀಮೆಯ ಮಾಸ್ತರ?

ಟೊಪ್ಪಿಗೆ ತೆಗೆದು, ತನ್ನ ಹೆಗಲ ಮೇಲಿನ ವಲ್ಲಿಯನ್ನು ತಲೆಗೆ ಸುತ್ತಿಕೊಂಡ. ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು, ನಡು ಬಗ್ಗಿಸಿ, ಸೀದಾ ರಂಗದ ನಡುವೆ ನಡೆದ.

"ಯಾಕ ಎಲ್ಲಾರೂ ಕಣ್ಣು ಕಣ್ಣು ಬಿಡಾಕತ್ತೀರಿ? ಒಳಗಿಂದ ಒದರಿದಾವ ನಾನ. ಮನಿ ಹಂಚೂ ಮುಂದ ಒಳಗ ಒಬ್ಬ ಮುದುಕ ಬಿದ್ದಾನ ಅನ್ನೂದು ಯಾರಿಗೂ ನೆನಪಾಗಲಿಲ್ಲೇನು?"

ನಗುತ್ತಿದ್ದ ಬಾಯಿಗಳು ಅರ್ಧಕ್ಕೆ ನಿಂತವು. ಬುರಾನಸಾಬ ನಿಜಗುಣಪ್ಪನ ಎದುರಿಗೆ, ತುಟಿ ಕಾಣುವ ಹಾಗೆ ನಿಂತ.

"ಬಾಗಲಾ ಕೊರದದ್ದು ನನಗ ಗ್ವಾಡಿ ನಡಗಿದ್ದಕ್ಕ ಗೊತ್ತಾತು ತಮ್ಮಾ, ಸಪ್ಪಳಕ್ಕಲ್ಲ. ನೀ ಏನೋ ಹೆಣದ ಮಾತಾಡಿದಿ. ಆಡಿದಿಯೋ ಇಲ್ಲೋ ಅನ್ನೂದು ತಿಳೀಲಿಲ್ಲ, ಅದಕ್ಕ ನಾನ ಒದರಿಬಿಟ್ಟೆ. ತಪ್ಪು ನಂದು. ನನಗ ಕಿವಿ ಕೇಳೂದಿಲ್ಲ. ಎಂಟು ವರ್ಷಾತು. ಮನೀ ಹೆಂಗಸಿನ ಬಿಟ್ಟು ಯಾರ ಮುಂದೂ ಹೇಳಿಲ್ಲ."

ಏಳುನೂರು ಮಂದಿ ಅದನ್ನು ನಾಟಕದ ಮಾತೆಂದೇ ತಿಳಿದರು. ಮೂರನೆಯ ಸಾಲಿನಲ್ಲಿ ಹಸೀನಾಬಿ ಸೆರಗನ್ನು ಬಾಯಿಗೊತ್ತಿಕೊಂಡಳು. ನಿಜಗುಣಪ್ಪನ ಕಣ್ಣು ಸಣ್ಣಗಾದವು. ವಲ್ಲಿಯ ಹಟ, ತಾಲೀಮಿನ ಎಡವಟ್ಟು, ಎಲ್ಲ ಒಂದಕ್ಕೊಂದು ಕೂಡಿಕೊಳ್ಳುವುದು ಆ ಮುಖದಲ್ಲಿ ಕಾಣುತ್ತಿತ್ತು.

"ಯಾಕ ಹೇಳಲಿಲ್ಲ?" ಎಂದ ನಿಜಗುಣಪ್ಪ. ಇದು ಯಾವ ವಹಿಯಲ್ಲಿಯೂ ಇರಲಿಲ್ಲ.

"ಹೇಳಿದ್ರ ಮನ್ಯಾಗ ಇಟ್ಕೋತಿದ್ದಿಯೇನು ನನ್ನ?"

ನಿಜಗುಣಪ್ಪ ಬಾಯಿ ತೆರೆದು ಮುಚ್ಚಿದ. ಈ ಸಲ ಬುರಾನಸಾಬ ಎಣಿಸಲಿಲ್ಲ, ಆ ತುಟಿಯನ್ನೇ ನೋಡುತ್ತ ನಿಂತ.

"ಇಲ್ಲ," ಎಂದವು ತುಟಿಗಳು.

ಸುಳ್ಳು ಹೇಳಬಹುದಿತ್ತು ಅವನು, ನಾಟಕವೇ ತಾನೇ. ಹೇಳಲಿಲ್ಲ. ಎದೆಗೆ ಏಟು ಬಿದ್ದರೂ ಬುರಾನಸಾಬನಿಗೆ ಒಂಥರಾ ಹಗುರವಾಯಿತು. ಕೋಲು ನೆಲಕ್ಕೆ ಕುಟ್ಟಿ ಹೇಳಿದ:

"ಹಂಗಾದ್ರ ಮಕ್ಕಳನ್ನ ಯಾಕ ಬೈತೀ? ನಿನ್ನ ನೋಡಿ ಕಲತಾರ. ಕೇಳು ಅವರನ್ನ, ಅವ್ವ ಯಾವ ಬಾಗಲದಾಗ ಕುಂದರಬೇಕಂತ ಕೇಳು."

ಅದು ನಿಜಗುಣಪ್ಪ ಮರೆತಿದ್ದ ಮುಂದಿನ ಮಾತು. ಹಿಡಿದುಕೊಂಡ. ಮಂಜುಳಾಳ ಕಡೆ ತಿರುಗಿ ಅವನು ಅದನ್ನು ಆಡಿದಾಗ ಅವಳಿಗೆ ಖರೇನೇ ಅಳು ಬಂತು. ಅಂಕ ಮುಗಿಯುವ ತನಕ ಬುರಾನಸಾಬ ಅಪ್ಪನ ಕಿವುಡ ಅಣ್ಣನಾಗಿ ಅಲ್ಲಿಯೇ ಟ್ರಂಕಿನ ಮೇಲೆ ಕುಳಿತು, ಯಾರಾದರೂ ತಡವರಿಸಿದರೆ "ಏನಂದಿ? ಹಿಂಗ ಅಂದಿಯೇನು?" ಎಂದು ಮಂದಿಯ ಎದುರಿಗೇ ಮಾತು ಎತ್ತಿಕೊಡುತ್ತಿದ್ದ. ಪರದೆ ಬಿದ್ದಾಗ ಮಂದಿ ಎದ್ದು ನಿಂತಿದ್ದರು. ಚಪ್ಪಾಳೆ ಕಾಲಡಿಯ ಹಲಗೆಯಲ್ಲಿ ಝುಮ್ಮೆಂದು ತಿಳಿಯಿತು.

ಪರದೆಯ ಹಿಂದೆ ಮುಸ್ತಕೀಮ ನಗುತ್ತ ಬಂದು ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳಿದ. ಅವನದು ಪೊದೆ ಮೀಸೆ, ಒಂದಕ್ಷರ ಓದಲು ಬರಲಿಲ್ಲ. ಇಂಥವರ ಮುಂದೆ ಎಂಟು ವರ್ಷದಿಂದ "ಹೂಂ, ಹೂಂ" ಎಂದು ತಲೆಯಾಡಿಸಿ ಪಾರಾಗುತ್ತಿದ್ದ. ಹಸೀನಾಬಿ ಬಂದು ಮಗ್ಗುಲಿಗೆ ನಿಂತಿದ್ದಳು.

"ಮುಸ್ತಕೀಮ, ಅಲ್ಲಿ ಹೇಳಿದ್ದು ಪಾರ್ಟಲ್ಲಪಾ," ಎಂದ ಬುರಾನಸಾಬ. "ನನಗ ಖರೇನ ಕೇಳೂದಿಲ್ಲ."

ಮುಸ್ತಕೀಮನ ನಗೆ ಇಳಿಯಿತು. ಅವನು ನಿಜಗುಣಪ್ಪನ ಮುಖ ನೋಡಿದ. ನಿಜಗುಣಪ್ಪ ಅವನನ್ನು ಎರಡು ಹೆಜ್ಜೆ ಆಚೆ ಕರೆದುಕೊಂಡು ಹೋಗಿ, ಈ ಕಡೆ ಬೆನ್ನು ಮಾಡಿ ಬಹಳ ಹೊತ್ತು ಮಾತಾಡಿದ. ಕರಿ ಕೋಟಿನ ಬೆನ್ನು ಬಿಟ್ಟರೆ ಬುರಾನಸಾಬನಿಗೆ ಏನೂ ಕಾಣಲಿಲ್ಲ. ಹಸೀನಾಬಿಗೆ ಕೇಳಿಸುತ್ತಿತ್ತು, ಅವಳ ಮುಖವನ್ನೂ ಅವನು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ಕೊನೆಗೆ ಮುಸ್ತಕೀಮ ಬಂದು ಎದುರಿಗೆ ನಿಂತು, ಮೀಸೆ ಮೇಲಕ್ಕೆತ್ತಿ, ಬಾಯಿ ಅಗಲ ಮಾಡಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. "ಮುಂದಿನ ವರ್ಷ ನಮ್ಮ ತಾಲೀಮು ನೀವ ಹಿಡೀರಿ. ವಿಂಗಿನ್ಯಾಗ ಮಾತ್ರ ಬ್ಯಾರೆಯವರು ನಿಂದರತಾರ."

"ಅಷ್ಟು ದೊಡ್ಡ ಬಾಯಿ ತೆರೀಬ್ಯಾಡೋ. ಕಿವುಡ ಅದೇನಿ, ದಡ್ಡ ಅಲ್ಲ."

ಹಾಗಂದನೇ ಹೊರತು ಆ ಎರಡನೆಯ ಮಾತು ಒಳಗೆ ಇಳಿಯಲು ಹೊತ್ತು ಹಿಡಿಯಿತು. ವಿಂಗಿನ ಆ ಮೂರು ಮೊಳದ ಜಾಗ ಇನ್ನು ತನ್ನದಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ, ಬಣ್ಣದ ಮಂದಿಯ ನಡುವೆ ಯಾರು ನೋಡುತ್ತಾರೆ. ನಿಜಗುಣಪ್ಪ ಕೋಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ, ಕಣ್ಣು ತಪ್ಪಿಸುತ್ತಿರಲಿಲ್ಲ.

"ಯಾರನ್ನ ನಿಲ್ಲಸತೀರಿ ಅಲ್ಲಿ?" ಎಂದು ಕೇಳಿದ ಬುರಾನಸಾಬ. "ಯಾರರ ಆಗಲಿ, ಮೊದಲ ನನ್ನ ಕಡೆ ಕಳಸ್ರಿ. ಬಾಯಿ ತೆರಿಯೂಕಿಂತ ಮುಂಚೆ ಐದು ಎಣಿಸೂದು ಕಲಸತೇನಿ. ಅದು ನನಗ ಇವತ್ತಿನ ತನಕ ಬಂದಿದ್ದಿಲ್ಲ."